ಮುಳ್ಳು ಅಲುಗಾಡಿದರೆ ನೀರಿಗೆ ಇಳಿಯಬೇಡಿ: ರೆಗ್ಯುಲೇಟರ್ ಆರಿಸುವುದು, ನೋಡಿಕೊಳ್ಳುವುದು

(ಸ್ಕೂಬಾ ಡೈವಿಂಗ್ ಕಲಿತು, ಮೊದಲ ಸಲ ಸ್ವಂತ ರೆಗ್ಯುಲೇಟರ್, ಅಂದರೆ ಟ್ಯಾಂಕಿನ ಗಾಳಿಯನ್ನು ಉಸಿರಾಡುವಷ್ಟು ಒತ್ತಡಕ್ಕೆ ಇಳಿಸಿ ಬಾಯಿಗೆ ಕೊಡುವ ಸಾಧನ, ಕೊಳ್ಳಲು ಹೊರಟವರಿಗೆ ಕೊಟ್ಟ ಉಪನ್ಯಾಸದ ಬರಹ ರೂಪ ಇದು. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ಈ ಸಣ್ಣ ಬಿಲ್ಲೆಯನ್ನು ಕೈಯಿಂದ ಕೈಗೆ ದಾಟಿಸಿ, ಎಲ್ಲರೂ ಒಮ್ಮೆ ನೋಡಿ. ಅಂಗಿಯ ಗುಂಡಿಯಷ್ಟಿದೆ. ಇದು ರೆಗ್ಯುಲೇಟರಿನ ಬಾಯಲ್ಲಿ, ಅಂದರೆ ಟ್ಯಾಂಕಿನ ಗಾಳಿ ಒಳಗೆ ಬರುವ ಜಾಗದಲ್ಲಿ ಕೂರುವ ಫಿಲ್ಟರ್. ಲೋಹದ ಪುಡಿಯನ್ನು ಒತ್ತಿ, ಕಾಯಿಸಿ ಮಾಡಿರುತ್ತಾರೆ. ಗಾಳಿ ದಾಟುತ್ತದೆ, ಕಸ ನಿಲ್ಲುತ್ತದೆ. ಹೊಸದಾಗಿದ್ದಾಗ ಲೋಹದ ಹೊಳಪೇ ಇರುತ್ತದೆ. ಈಗ ನಿಮ್ಮ ಕೈಯಲ್ಲಿರುವುದು ಹಸಿರಾಗಿದೆ, ಅಲ್ವಾ? ಹಳೆಯ ತಾಮ್ರದ ಪಾತ್ರೆಗೆ ಹಿಡಿಯುವ ಕಿಲುಬಿನ ಹಸಿರು ಅದು.

ಇದು ನನ್ನದೇ ರೆಗ್ಯುಲೇಟರಿನ ಫಿಲ್ಟರ್. ಒಂದು ದಿನ ದೋಣಿಯ ಅಂಚಿನಲ್ಲಿ ಕೂತು, ಇಳಿಯುವ ಮುಂಚೆ ಎಂದಿನಂತೆ ನಾಲ್ಕು ಸಲ ಉಸಿರೆಳೆದೆ. ಗಾಳಿ ಬಂತು, ಏನೂ ಕಷ್ಟ ಅನಿಸಲಿಲ್ಲ. ಆದರೆ ಜೊತೆಯಲ್ಲಿ ಇಳಿಯಬೇಕಿದ್ದವರು ಟ್ಯಾಂಕಿನ ಗಾಳಿಯ ಒತ್ತಡವನ್ನು ಬಾರ್ ಲೆಕ್ಕದಲ್ಲಿ ತೋರಿಸುವ ನನ್ನ ಪ್ರೆಶರ್ ಗೇಜ್ ಕಡೆ ಬೆರಳು ತೋರಿಸಿ, "ಇನ್ನೊಂದು ಸಲ ಎಳೆಯಿರಿ, ಮುಳ್ಳು ನೋಡುತ್ತಾ ಎಳೆಯಿರಿ" ಅಂದರು. ನೋಡಿದೆ. 200 ಬಾರ್ ಹತ್ತಿರ ನಿಂತಿದ್ದ ಮುಳ್ಳು ಪ್ರತಿ ಉಸಿರಿಗೂ ಕೆಳಗೆ ಜಾರಿ, ಮತ್ತೆ ಮೇಲೆ ಬರುತ್ತಿತ್ತು. ಟ್ಯಾಂಕಿನ ವಾಲ್ವ್ ಪೂರ್ತಿ ತೆರೆದಿಲ್ಲವೇನೋ ಎಂದು ತಿರುಗಿಸಿ ನೋಡಿದರೆ ಪೂರ್ತಿ ತೆರೆದಿತ್ತು. ಬೇರೆ ಟ್ಯಾಂಕಿಗೆ ಹಾಕಿದೆವು, ಅಲ್ಲೂ ಅದೇ. ಅವತ್ತು ನಾನು ಇಳಿಯಲಿಲ್ಲ. ಆಮೇಲೆ ಸರ್ವೀಸ್ ಮಾಡುವವರು ಬಿಚ್ಚಿದಾಗ ಒಳಗಿಂದ ಹೊರಬಂದದ್ದು ಈ ಹಸಿರು ಬಿಲ್ಲೆ. ಮೇಲೆ, ಗಾಳಿ ಹಗುರವಾಗಿರುವ ಕಡೆ, ಅದರ ತೂತುಗಳಲ್ಲಿ ಸಾಕಷ್ಟು ಗಾಳಿ ನುಸುಳುತ್ತಿತ್ತು. 30 ಮೀಟರ್ ಕೆಳಗೆ ಅದೇ ಒಂದು ಉಸಿರಿಗೆ ನಾಲ್ಕು ಪಟ್ಟು ಗಾಳಿ ಬೇಕು. ಅಲ್ಲಿ ಅಷ್ಟು ಬರುತ್ತಿರಲಿಲ್ಲ.

ಇದು ಹೇಗಾಯಿತು ಅಂದರೆ, ಕೆಲವು ತಿಂಗಳ ಹಿಂದೆ ಡಸ್ಟ್ ಕ್ಯಾಪ್, ಅಂದರೆ ಈ ಫಿಲ್ಟರ್ ಇರುವ ಬಾಯಿಗೆ ಹಾಕುವ ಮುಚ್ಚಳ, ಅದನ್ನು ಸರಿಯಾಗಿ ಬಿಗಿ ಮಾಡದೆ ಇಡೀ ಸೆಟ್ ಅನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿದ್ದೆ. ಎತ್ತಿದಾಗ ಕ್ಯಾಪ್ ಸಡಿಲ ಇರುವುದು ಕಂಡಿತು, ಬಟ್ಟೆಯಲ್ಲಿ ಒರೆಸಿ ಸುಮ್ಮನಾದೆ. ಒಂದಷ್ಟು ಜನ ತಮ್ಮ ಉಪ್ಪು ಹಿಡಿದ ಸಾಮಾನನ್ನೆಲ್ಲ ಅದ್ದಿದ ತೊಟ್ಟಿ ಅದು. ಆ ಉಪ್ಪುನೀರು ಒಳಗೆ ಹೋಗಿ ತನ್ನ ಕೆಲಸ ಶುರು ಮಾಡಿತ್ತು. ಅವತ್ತೇ ಸರ್ವೀಸಿಗೆ ಕೊಟ್ಟಿದ್ದರೆ ಒಂದು ಫಿಲ್ಟರ್ ಬದಲಿಸುವುದರಲ್ಲಿ ಮುಗಿಯುತ್ತಿತ್ತು.

ಇವತ್ತು ಮಾತಾಡಬೇಕು ಅನಿಸಿದ್ದು ಇದಕ್ಕೇ. ರೆಗ್ಯುಲೇಟರ್ ಸಾಮಾನ್ಯವಾಗಿ ಹೇಳದೆ ಕೇಳದೆ ಕೈಕೊಡುವ ಯಂತ್ರ ಅಲ್ಲ. ಅದು ಮೊದಲೇ ಹೇಳುತ್ತದೆ. ಮುಳ್ಳಿನ ಅಲುಗಾಟದಲ್ಲಿ ಹೇಳುತ್ತದೆ, ಸಣ್ಣ ಗುಳ್ಳೆಯಲ್ಲಿ ಹೇಳುತ್ತದೆ, ಬಾಯಿಗೆ ಬರುವ ಒಂದು ಹನಿ ನೀರಿನಲ್ಲಿ ಹೇಳುತ್ತದೆ. ನಾವು ಆ ಹೊತ್ತಿಗೆ ನೀರಿಗೆ ಹಾರುವ ಅವಸರದಲ್ಲಿರುತ್ತೇವೆ. ಕೊಳ್ಳುವಾಗ ಯಾವುದು ಒಳ್ಳೆಯದು ಎಂದು ವಾರಗಟ್ಟಲೆ ವಿಚಾರಿಸುತ್ತೇವೆ, ಕೊಂಡ ಮೇಲೆ ಅದರ ಮಾತು ಕೇಳಿಸಿಕೊಳ್ಳುವುದಿಲ್ಲ.

ಒಳಗೆ ಏನಿದೆ ಎಂದು ಬೇಗ ಹೇಳಿಬಿಡುತ್ತೇನೆ, ಯಾಕೆಂದರೆ ಇದು ಗೊತ್ತಿದ್ದರೆ ಮುಂದಿನದೆಲ್ಲ ಸುಲಭ. ತುಂಬಿದ ಟ್ಯಾಂಕಿನಲ್ಲಿ ಸುಮಾರು 200 ಬಾರ್ ಒತ್ತಡ ಇರುತ್ತದೆ. ನಮ್ಮ ಎದೆ ಅದನ್ನು ತಾಳುವುದಿಲ್ಲ. ಸುತ್ತಲಿನ ನೀರಿನ ಒತ್ತಡ ಎಷ್ಟಿದೆಯೋ ಅಷ್ಟೇ ಒತ್ತಡದ ಗಾಳಿ ಬೇಕು. ರೆಗ್ಯುಲೇಟರ್ ಈ ಕೆಲಸವನ್ನು ಎರಡು ಮೆಟ್ಟಿಲಲ್ಲಿ ಮಾಡುತ್ತದೆ. ಟ್ಯಾಂಕಿಗೆ ಕಚ್ಚಿಕೊಂಡಿರುವ ಫಸ್ಟ್ ಸ್ಟೇಜ್ 200 ಬಾರ್ ಅನ್ನು ಸುತ್ತಲಿನ ಒತ್ತಡಕ್ಕಿಂತ ಸುಮಾರು 9 ಅಥವಾ 10 ಬಾರ್ ಜಾಸ್ತಿ ಇರುವಲ್ಲಿಗೆ ಇಳಿಸುತ್ತದೆ. ಇದನ್ನು ಮಧ್ಯದ ಒತ್ತಡ ಎನ್ನೋಣ. ಬಾಯಲ್ಲಿರುವ ಸೆಕೆಂಡ್ ಸ್ಟೇಜ್ ಆ ಮಧ್ಯದ ಒತ್ತಡವನ್ನು ಉಸಿರಾಡುವ ಒತ್ತಡಕ್ಕೆ ಇಳಿಸುತ್ತದೆ, ಅದೂ ನಾವು ಎಳೆದಾಗ ಮಾತ್ರ. ಎಳೆದಾಗ ಒಳಗಿನ ತೆಳು ರಬ್ಬರ್ ಪರದೆ ಒಳಕ್ಕೆ ಬಾಗುತ್ತದೆ, ಅದು ಒಂದು ಸಣ್ಣ ಲಿವರ್ ಅನ್ನು ಒತ್ತುತ್ತದೆ, ಲಿವರ್ ವಾಲ್ವ್ ತೆರೆಯುತ್ತದೆ. ಬಿಟ್ಟಾಗ ಮುಚ್ಚುತ್ತದೆ.

ಕೇಳಿದಾಗ ಮಾತ್ರ ಗಾಳಿ ಕೊಡುವ ಈ ಯೋಚನೆ ಹಳೆಯದು. ಫ್ರಾನ್ಸಿನ ರೂಕೇರೋಲ್ ಮತ್ತು ದೆನೆರೂಸ್ 1860ರ ದಶಕದಲ್ಲೇ ಇಂಥದ್ದನ್ನು ಮಾಡಿದ್ದರು. ಆದರೆ ನಮಗೆ ಗೊತ್ತಿರುವ ಸ್ಕೂಬಾ ಶುರುವಾದದ್ದು 1943ರಲ್ಲಿ, ಎಮಿಲ್ ಗಾನ್ಯಾನ್ ಮತ್ತು ಝಾಕ್ ಕುಸ್ತೊ ಸೇರಿ ಆಕ್ವಾ-ಲಂಗ್ ಮಾಡಿದಾಗ. ಗಾನ್ಯಾನ್ ಇಂಜಿನಿಯರ್. ಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದೆ ಕಾರುಗಳನ್ನು ಗ್ಯಾಸಿನಲ್ಲಿ ಓಡಿಸಲು ಅವರು ಮಾಡಿದ್ದ ವಾಲ್ವ್ ಇದಕ್ಕೆ ಮೂಲ. ಕಾರಿನ ಇಂಜಿನ್ ಎಳೆದಷ್ಟು ಗ್ಯಾಸ್ ಕೊಡುವ ವಾಲ್ವ್, ಮನುಷ್ಯ ಎಳೆದಷ್ಟು ಗಾಳಿ ಕೊಡುವ ವಾಲ್ವ್ ಆಯಿತು. ಆಗ ಎರಡು ದಪ್ಪ ಕೊಳವೆ ಬೆನ್ನಿಂದ ಬಾಯಿಗೆ ಬರುತ್ತಿದ್ದವು. ಇವತ್ತಿನಂತೆ ಒಂದೇ ಹೋಸ್, ಬಾಯಲ್ಲಿ ಸೆಕೆಂಡ್ ಸ್ಟೇಜ್ ಇರುವ ವಿನ್ಯಾಸವನ್ನು ಮಾರುಕಟ್ಟೆಗೆ ತಂದವರಲ್ಲಿ ಮೊದಲಿಗರು ಆಸ್ಟ್ರೇಲಿಯಾದ ಟೆಡ್ ಎಲ್ಡ್ರೆಡ್, 1950ರ ದಶಕದ ಮೊದಲಲ್ಲಿ.

ಈ ವಿನ್ಯಾಸದಲ್ಲಿ ನನಗೆ ತುಂಬಾ ಇಷ್ಟವಾದ ಒಂದು ವಿಷಯ ಇದೆ. ಸೆಕೆಂಡ್ ಸ್ಟೇಜಿನ ವಾಲ್ವ್ ಗಾಳಿ ಹರಿಯುವ ದಿಕ್ಕಿನಲ್ಲೇ ತೆರೆಯುತ್ತದೆ. ಆದ್ದರಿಂದ ಫಸ್ಟ್ ಸ್ಟೇಜ್ ಕೆಟ್ಟು ಮಧ್ಯದ ಒತ್ತಡ ಏರುತ್ತಾ ಹೋದರೆ, ಆ ಒತ್ತಡವೇ ಸೆಕೆಂಡ್ ಸ್ಟೇಜಿನ ವಾಲ್ವನ್ನು ತಳ್ಳಿ ತೆರೆದುಬಿಡುತ್ತದೆ. ಗಾಳಿ ಬುಸ್ಸೆಂದು ಹರಿಯುತ್ತದೆ. ಇದನ್ನೇ ಫ್ರೀ ಫ್ಲೋ ಅನ್ನುವುದು. ನೋಡಲು ಭಯ ಹುಟ್ಟಿಸುತ್ತದೆ, ಆದರೆ ಯೋಚಿಸಿ: ಕೆಟ್ಟರೂ ಗಾಳಿ ನಿಲ್ಲುವ ಬದಲು ಜಾಸ್ತಿ ಬರುವಂತೆ ಮಾಡಿದ್ದಾರೆ. ತುಟಿ ಪೂರ್ತಿ ಮುಚ್ಚದೆ, ಹರಿಯುವ ಗಾಳಿಯಿಂದ ಬೇಕಾದಷ್ಟನ್ನು ಹೀರುತ್ತಾ ಮೇಲೆ ಬರಬಹುದು. ಅದಕ್ಕೇ ಮೊದಲ ಕೋರ್ಸಿನಲ್ಲೇ ಇದನ್ನು ಅಭ್ಯಾಸ ಮಾಡಿಸುತ್ತಾರೆ. ಟ್ಯಾಂಕ್ ಮಾತ್ರ ನಿಮಿಷಗಳಲ್ಲಿ ಖಾಲಿಯಾಗುತ್ತದೆ, ಅಲ್ಲೇ ನಿಂತು ರಿಪೇರಿ ಮಾಡುತ್ತಾ ಕೂರುವ ಹಾಗಿಲ್ಲ.

ಈಗ ಕೊಳ್ಳುವ ಮಾತು. ಎಲ್ಲರೂ ಮೊದಲು ಕೇಳುವುದು ಫಸ್ಟ್ ಸ್ಟೇಜಿನ ಎರಡು ಬಗೆಗಳಲ್ಲಿ ಪಿಸ್ಟನ್ ಒಳ್ಳೆಯದಾ, ಡಯಾಫ್ರಾಮ್ ಒಳ್ಳೆಯದಾ ಎಂದು. ನಾನು ಮೊದಲು ಕೇಳುವ ಪ್ರಶ್ನೆ ಬೇರೆ: ಇದನ್ನು ನಿಮಗೆ ಸರ್ವೀಸ್ ಮಾಡಿಕೊಡುವವರು ಯಾರು? ನೀವು ಇರುವ ಕಡೆ, ಅಥವಾ ನೀವು ಪದೇ ಪದೇ ಡೈವ್ ಮಾಡುವ ಕಡೆ, ಆ ಕಂಪನಿಯ ರೆಗ್ಯುಲೇಟರ್ ಬಿಚ್ಚಲು ತರಬೇತಿ ಪಡೆದವರು ಇದ್ದಾರಾ? ಆ ಮಾದರಿಯ ಬಿಡಿಭಾಗಗಳ ಕಿಟ್ ಅವರ ಹತ್ತಿರ ಸಿಗುತ್ತದಾ? ಒಳ್ಳೆಯ ರೆಗ್ಯುಲೇಟರ್ ಹತ್ತಾರು ವರ್ಷ ಬಾಳುತ್ತದೆ. ಅದರ ಲೋಹ ಸವೆಯುವುದಿಲ್ಲ, ಒಳಗಿನ ಓ-ರಿಂಗ್, ಅಂದರೆ ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ, ಮತ್ತು ವಾಲ್ವ್ ಕೂರುವ ಸೀಟ್ ಸವೆಯುತ್ತವೆ. ಅವು ಸಿಗದಿದ್ದರೆ ಎಂಥಾ ಹೆಸರುವಾಸಿ ರೆಗ್ಯುಲೇಟರ್ ಆದರೂ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಎರಡು ಮಾದರಿಗಳ ನಡುವೆ ಮನಸ್ಸು ತೂಗುತ್ತಿದ್ದರೆ ಬಿಡಿಭಾಗ ಸುಲಭವಾಗಿ ಸಿಗುವುದನ್ನೇ ಆರಿಸಿ. ಈ ಒಂದು ಮಾತು ನೆನಪಿಟ್ಟುಕೊಂಡರೂ ಇವತ್ತು ಬಂದದ್ದು ಸಾರ್ಥಕ.

ಆಮೇಲೆ ಪಿಸ್ಟನ್, ಡಯಾಫ್ರಾಮ್. ಪಿಸ್ಟನ್ ಇರುವ ಫಸ್ಟ್ ಸ್ಟೇಜಿನಲ್ಲಿ ಚಲಿಸುವ ಭಾಗಗಳು ಕಡಿಮೆ, ಗಾಳಿ ಧಾರಾಳವಾಗಿ ಹರಿಯುತ್ತದೆ. ಆದರೆ ಹೆಚ್ಚಿನವುಗಳಲ್ಲಿ ಸ್ಪ್ರಿಂಗ್ ಇರುವ ಕೋಣೆಗೆ ನೀರು ನೇರವಾಗಿ ಬರುತ್ತದೆ, ಅದರ ಜೊತೆ ಉಪ್ಪು, ಮರಳು, ಕೆಸರು ಎಲ್ಲ ಬರುತ್ತವೆ. ಡಯಾಫ್ರಾಮ್ ಮಾದರಿಯಲ್ಲಿ ದಪ್ಪ ರಬ್ಬರ್ ಪರದೆ ನೀರನ್ನು ಹೊರಗೇ ತಡೆದು, ಒಳಗಿನ ವಾಲ್ವ್ ಒಣಗಿರುವಂತೆ ನೋಡಿಕೊಳ್ಳುತ್ತದೆ. ಭಾಗಗಳು ಮಾತ್ರ ಸ್ವಲ್ಪ ಜಾಸ್ತಿ. ಕೆಸರು ನೀರಲ್ಲಿ, ತಣ್ಣನೆ ನೀರಲ್ಲಿ ಹೆಚ್ಚು ಇಳಿಯುವವರಿಗೆ ಡಯಾಫ್ರಾಮ್, ಅದರಲ್ಲೂ ಹೊರಕೋಣೆಯನ್ನೂ ಸೀಲ್ ಮಾಡಿರುವುದು, ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ. ಬೆಚ್ಚಗಿನ ತಿಳಿನೀರಲ್ಲಿ ಎರಡೂ ಒಂದೇ, ಈ ವಾದದಲ್ಲಿ ನಿದ್ದೆ ಕೆಡಿಸಿಕೊಳ್ಳಬೇಡಿ.

ತಣ್ಣೀರಿನ ಬಗ್ಗೆ ಇನ್ನೊಂದು ಮಾತು. 200 ಬಾರ್ ಗಾಳಿ ಒಮ್ಮೆಲೇ 10 ಬಾರಿಗೆ ಹಿಗ್ಗಿದಾಗ ತುಂಬಾ ತಣ್ಣಗಾಗುತ್ತದೆ. ಸುತ್ತಲಿನ ನೀರು ಬೆಚ್ಚಗಿದ್ದರೆ ಲೋಹಕ್ಕೆ ಅದರಿಂದ ಬಿಸಿ ಸಿಗುತ್ತದೆ. ನೀರೇ ತಣ್ಣಗಿದ್ದರೆ ಮಂಜುಗಡ್ಡೆ ಕಟ್ಟಿ ವಾಲ್ವ್ ತೆರೆದಲ್ಲೇ ಸಿಕ್ಕಿಕೊಂಡು ಫ್ರೀ ಫ್ಲೋ ಆಗಬಹುದು. ಯುರೋಪಿನ ಇಎನ್ 250 ಎಂಬ ಮಾನದಂಡ 10 ಡಿಗ್ರಿಗಿಂತ ಕೆಳಗಿನದನ್ನು ತಣ್ಣೀರು ಎನ್ನುತ್ತದೆ. ತಣ್ಣೀರಿನ ಪರೀಕ್ಷೆ ಪಾಸಾಗದ ರೆಗ್ಯುಲೇಟರ್ ಮೇಲೆ 10 ಡಿಗ್ರಿಗಿಂತ ಮೇಲೆ ಮಾತ್ರ ಎಂಬ ಗುರುತು ಇರಬೇಕು. ಕೊಳ್ಳುವಾಗ ಆ ಗುರುತು ಹುಡುಕಿ ನೋಡಿ. ಅದೇ ಮಾನದಂಡದಲ್ಲಿ 50 ಮೀಟರ್ ಆಳಕ್ಕೆ ಸಮನಾದ ಒತ್ತಡದಲ್ಲಿ, ನಿಮಿಷಕ್ಕೆ 62.5 ಲೀಟರ್ ಗಾಳಿ ಎಳೆಯುವ ಯಂತ್ರಕ್ಕೆ ಕಟ್ಟಿ ರೆಗ್ಯುಲೇಟರನ್ನು ಪರೀಕ್ಷಿಸುತ್ತಾರೆ. ಅಂಗಡಿಯಲ್ಲಿ ನಿಂತು ಎರಡು ಉಸಿರು ಎಳೆದು "ಆಹಾ, ಎಷ್ಟು ಹಗುರ" ಅನ್ನುವುದಕ್ಕಿಂತ ಈ ಗುರುತು ಹೆಚ್ಚು ಹೇಳುತ್ತದೆ. ಮೇಲೆ ಎಲ್ಲವೂ ಹಗುರವೇ.

ಬ್ಯಾಲೆನ್ಸ್ಡ್, ಅನ್‌ಬ್ಯಾಲೆನ್ಸ್ಡ್ ಎನ್ನುವುದನ್ನು ಮಾತ್ರ ಸರಿಯಾಗಿ ತಿಳಿದುಕೊಳ್ಳಿ. ಅನ್‌ಬ್ಯಾಲೆನ್ಸ್ಡ್ ಪಿಸ್ಟನ್‌ನಲ್ಲಿ ಟ್ಯಾಂಕಿನ ಒತ್ತಡವೂ ವಾಲ್ವ್ ತೆರೆಯಲು ಕೈಜೋಡಿಸುತ್ತದೆ. ಟ್ಯಾಂಕ್ ಖಾಲಿಯಾಗುತ್ತಾ ಬಂದಂತೆ ಆ ಸಹಾಯ ಕಡಿಮೆಯಾಗಿ ಮಧ್ಯದ ಒತ್ತಡ ಇಳಿಯುತ್ತದೆ, ಉಸಿರು ಸ್ವಲ್ಪ ಭಾರವಾಗುತ್ತದೆ. ಬ್ಯಾಲೆನ್ಸ್ಡ್ ಮಾದರಿಯಲ್ಲಿ ಟ್ಯಾಂಕ್ ತುಂಬಿರಲಿ, ತಳ ಕಾಣುತ್ತಿರಲಿ, ಉಸಿರು ಒಂದೇ ಥರ. ಅನ್‌ಬ್ಯಾಲೆನ್ಸ್ಡ್ ಕೆಟ್ಟದ್ದು ಅಂತ ಅಲ್ಲ. ಸರಳ, ಗಟ್ಟಿ, ಸರ್ವೀಸ್ ಸುಲಭ. ಕಲಿಸುವ ಕಡೆಗಳಲ್ಲಿ ವರ್ಷಗಟ್ಟಲೆ ಒರಟು ಕೈಗಳಲ್ಲಿ ಬಾಳುವುದು ಅದೇ. 18 ಮೀಟರ್ ಒಳಗೇ ಇಳಿಯುವವರಿಗೆ ಅದು ಸಾಕು. ಆಳಕ್ಕೆ ಹೋಗುವ ಆಸೆ ಇದ್ದರೆ, ಅಥವಾ ಕಷ್ಟದಲ್ಲಿ ಇಬ್ಬರು ಒಂದೇ ಫಸ್ಟ್ ಸ್ಟೇಜಿನಿಂದ ಉಸಿರಾಡಬೇಕಾಗಬಹುದು ಎಂದು ಯೋಚಿಸಿದರೆ, ಬ್ಯಾಲೆನ್ಸ್ಡ್ ಕೊಳ್ಳಿ.

ಟ್ಯಾಂಕಿಗೆ ಜೋಡಿಸುವ ರೀತಿ ಎರಡು. ಯೋಕ್ ಎಂದರೆ ವಾಲ್ವನ್ನು ಸುತ್ತಲೂ ಹಿಡಿದು ಹಿಂದಿನಿಂದ ಸ್ಕ್ರೂ ಬಿಗಿಯುವುದು, ಇದು 232 ಬಾರ್ ವರೆಗೆ. ಡಿನ್ ಎಂದರೆ ವಾಲ್ವ್ ಒಳಗೇ ಸ್ಕ್ರೂನಂತೆ ತಿರುಗಿಸಿ ಕೂರಿಸುವುದು, ಇದರಲ್ಲಿ 300 ಬಾರಿನದೂ ಇದೆ. ಡಿನ್‌ನಲ್ಲಿ ಓ-ರಿಂಗ್ ಒಳಗೆ ಸೆರೆಯಾಗಿರುತ್ತದೆ, ಹೊರಗೆ ಚಿಮ್ಮುವ ಭಯ ಕಡಿಮೆ. ಎಲ್ಲಿ ಹೋದರೂ ಬಾಡಿಗೆ ಟ್ಯಾಂಕ್ ಬಳಸುವವರು ಡಿನ್ ಕೊಂಡು ಜೊತೆಗೆ ಯೋಕ್ ಅಡಾಪ್ಟರ್ ಇಟ್ಟುಕೊಳ್ಳಬಹುದು.

ಸೆಕೆಂಡ್ ಸ್ಟೇಜಿನಲ್ಲಿ ತಿರುಗಿಸುವ ಗುಂಡಿ, ಎಳೆಯುವ ಲಿವರ್ ಇವೆಲ್ಲ ಇರುತ್ತವೆ. ಗುಂಡಿ ಉಸಿರೆಳೆಯಲು ಎಷ್ಟು ಬಲ ಬೇಕು ಎನ್ನುವುದನ್ನು ಹೆಚ್ಚು ಕಡಿಮೆ ಮಾಡುತ್ತದೆ. ಲಿವರ್ ಒಳಗಿನ ಗಾಳಿಯ ಓಟವನ್ನು ತಿರುಗಿಸುತ್ತದೆ, ನೀರಿಗೆ ಹಾರುವಾಗ ಸುಮ್ನೆ ಫ್ರೀ ಫ್ಲೋ ಆಗದಿರಲಿ ಎಂದು. ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ನಾನು ಹೆಚ್ಚು ಬೆಲೆ ಕೊಡುವುದು ತೂಕಕ್ಕೆ ಮತ್ತು ಮೌತ್‌ಪೀಸಿಗೆ. ಒಂದು ಗಂಟೆ ಹಲ್ಲಲ್ಲಿ ಕಚ್ಚಿಕೊಂಡಿರಬೇಕಾದ ವಸ್ತು ಅದು. ದವಡೆ ನೋಯುತ್ತಿದ್ದರೆ ಸಣ್ಣ ಮೌತ್‌ಪೀಸ್ ಹಾಕಿಸಿ ನೋಡಿ, ಎಷ್ಟೋ ಜನ ರೆಗ್ಯುಲೇಟರನ್ನೇ ಬದಲಿಸಲು ಹೊರಡುತ್ತಾರೆ.

ಇನ್ನು ಆಕ್ಟೋಪಸ್, ಅಂದರೆ ಜೊತೆಗಾರರಿಗೆ ಕೊಡಲು ಇರುವ ಎರಡನೆಯ ಸೆಕೆಂಡ್ ಸ್ಟೇಜ್. ಇಲ್ಲಿ ಜನ ಮಾಡುವ ತಪ್ಪು ನನಗೆ ನಿಜಕ್ಕೂ ನೋವು ಕೊಡುತ್ತದೆ. ತಮಗೆ ಒಳ್ಳೆಯದನ್ನು ಕೊಂಡು, ಆಕ್ಟೋಪಸ್‌ಗೆ ಅಲ್ಲಿ ಇದ್ದಬದ್ದದ್ದನ್ನು ಹಾಕಿಸಿಕೊಳ್ಳುತ್ತಾರೆ. ಅದನ್ನು ಬಾಯಿಗೆ ಇಡುವವರು ಯಾರು ಎಂದು ಯೋಚಿಸಿ. ಗಾಳಿ ಮುಗಿದು, ಗಾಬರಿಯಲ್ಲಿ ಏದುಸಿರು ಬಿಡುತ್ತಿರುವ ಮನುಷ್ಯ. ಆ ಕ್ಷಣದಲ್ಲಿ ಎಲ್ಲರಿಗಿಂತ ಜಾಸ್ತಿ ಗಾಳಿ ಬೇಕಾದವರು ಅವರು. ಇಎನ್ 250 ಪಕ್ಕದಲ್ಲಿ ಎ ಅಕ್ಷರ ಇದ್ದರೆ ಒಂದೇ ಹೊತ್ತಿಗೆ ಒಬ್ಬರಿಗಿಂತ ಹೆಚ್ಚು ಜನ ಉಸಿರಾಡುವುದಕ್ಕೂ ಆ ಸೆಟ್ ಪರೀಕ್ಷೆಯಾಗಿದೆ ಎಂದು ಅರ್ಥ. ಹಾಗೆಯೇ ಡೈವ್ ಮುಂಚೆ ಆಕ್ಟೋಪಸ್‌ನಿಂದಲೂ ಉಸಿರಾಡಿ ನೋಡಿ. ವರ್ಷಗಟ್ಟಲೆ ಕೆಸರಲ್ಲಿ ನೇತಾಡಿಕೊಂಡು, ಒಮ್ಮೆಯೂ ಯಾರ ಬಾಯಿಗೂ ಹೋಗದ ಆಕ್ಟೋಪಸ್‌ಗಳನ್ನು ನೋಡಿದ್ದೇನೆ.

ಹಳೆಯದನ್ನು ಬೇರೆಯವರಿಂದ ಕೊಳ್ಳುವುದಾದರೆ ಹೇಳುವುದು ಇಷ್ಟೇ. ಕೊಂಡ ಬೆಲೆಗೆ ಪೂರ್ತಿ ಸರ್ವೀಸಿನ ಖರ್ಚು ಸೇರಿಸಿಯೇ ಲೆಕ್ಕ ಹಾಕಿ. ಡಸ್ಟ್ ಕ್ಯಾಪ್ ತೆಗೆದು ಫಿಲ್ಟರ್ ಬಣ್ಣ ನೋಡಿ. ಹಸಿರಾಗಿದ್ದರೆ ನೀರು ಒಳಗೆ ಹೋಗಿದೆ. ಕೆಂಪು ಅಥವಾ ಕಂದು ಇದ್ದರೆ ಉಕ್ಕಿನ ಟ್ಯಾಂಕಿನ ತುಕ್ಕು ಒಳಗೆ ಬಂದಿದೆ. ಯಾರ ಮಾತಿಗಿಂತಲೂ ಆ ಬಿಲ್ಲೆಯನ್ನು ನಂಬಿ.

ಇನ್ನು ನೋಡಿಕೊಳ್ಳುವುದು. ಡೈವ್ ಮುಂಚಿನಿಂದ ಶುರು ಮಾಡುತ್ತೇನೆ. ಟ್ಯಾಂಕಿಗೆ ಜೋಡಿಸುವ ಮೊದಲೇ, ಡಸ್ಟ್ ಕ್ಯಾಪ್ ಬಿಗಿಯಾಗಿರುವಾಗಲೇ, ಸೆಕೆಂಡ್ ಸ್ಟೇಜ್ ಬಾಯಿಗಿಟ್ಟು ನಿಧಾನವಾಗಿ ಎಳೆಯಿರಿ. ಏನೂ ಬರಬಾರದು. ಎಳೆದು ಹಿಡಿದರೆ ತುಟಿಗೆ ಅಂಟಿಕೊಂಡಂತೆ ಇರಬೇಕು. ಸ್ವಲ್ಪ ಗಾಳಿ ನುಸುಳಿದರೂ ಎಲ್ಲೋ ತೂತಿದೆ ಎಂದೇ ಅರ್ಥ: ಮೌತ್‌ಪೀಸ್ ಹರಿದಿರಬಹುದು, ಉಸಿರು ಹೊರಬಿಡುವ ರಬ್ಬರ್ ವಾಲ್ವಿನ ಕೆಳಗೆ ಮರಳಿನ ಕಣ ಸಿಕ್ಕಿರಬಹುದು, ಒಳಗಿನ ಪರದೆ ಮಡಚಿರಬಹುದು. ಇಲ್ಲಿ ಗಾಳಿ ನುಸುಳಿದ ದಾರಿಯಲ್ಲೇ ಕೆಳಗೆ ನೀರು ನುಸುಳುತ್ತದೆ. ಹತ್ತು ಸೆಕೆಂಡಿನ ಕೆಲಸ, ಆದರೂ ಇದನ್ನು ಮಾಡುವವರು ಕಡಿಮೆ.

ಜೋಡಿಸಿದ ಮೇಲೆ ವಾಲ್ವನ್ನು ನಿಧಾನವಾಗಿ ತೆರೆಯಿರಿ, ಗೇಜಿನ ಗಾಜು ನಿಮ್ಮ ಮುಖಕ್ಕಾಗಲಿ ಬೇರೆಯವರ ಮುಖಕ್ಕಾಗಲಿ ನೇರ ಇರದಂತೆ ತಿರುಗಿಸಿ ಹಿಡಿಯಿರಿ. ವಾಲ್ವ್ ಪೂರ್ತಿ ತೆರೆಯಿರಿ. ಪೂರ್ತಿ ತೆರೆದು ಕಾಲು ಸುತ್ತು ಹಿಂದಕ್ಕೆ ತಿರುಗಿಸಬೇಕು ಎನ್ನುವುದು ಹಳೆಯ ರೂಢಿ. ಅದರಲ್ಲಿ ಒಂದು ಅಪಾಯ ಇದೆ. ಯಾರೋ ಸಹಾಯ ಮಾಡಲು ಬಂದು, ದಿಕ್ಕು ತಪ್ಪಿ ಪೂರ್ತಿ ಮುಚ್ಚಿ ಕಾಲು ಸುತ್ತು ಮಾತ್ರ ತೆರೆದರೆ, ಮೇಲೆ ಉಸಿರು ಚೆನ್ನಾಗೇ ಬರುತ್ತದೆ, ಕೆಳಗೆ ಹೋದಾಗ ಸಾಲದೆ ಬರುತ್ತದೆ. ಇದನ್ನು ಹಿಡಿಯುವುದೂ ಆ ಮುಳ್ಳೇ. ಗೇಜ್ ನೋಡುತ್ತಾ ಮೂರು ನಾಲ್ಕು ಸಲ ಜೋರಾಗಿ ಉಸಿರೆಳೆಯಿರಿ. ಮುಳ್ಳು ಕಲ್ಲಿನಂತೆ ನಿಂತಿರಬೇಕು. ಅಲುಗಾಡಿದರೆ ವಾಲ್ವ್ ನೋಡಿ, ವಾಲ್ವ್ ಸರಿ ಇದ್ದರೆ ಬೇರೆ ಟ್ಯಾಂಕ್ ಹಾಕಿ, ಆಗಲೂ ಅಲುಗಾಡಿದರೆ ಫಿಲ್ಟರ್ ಬಗ್ಗೆ ಅನುಮಾನ ಪಡಿ, ಮತ್ತು ಅವತ್ತು ಆ ರೆಗ್ಯುಲೇಟರಿನಲ್ಲಿ ಇಳಿಯಬೇಡಿ.

ಡೈವ್ ಮುಗಿಯಿತು. ಟ್ಯಾಂಕ್ ಮುಚ್ಚಿ, ಸೆಕೆಂಡ್ ಸ್ಟೇಜಿನ ಮುಂದಿರುವ ಪರ್ಜ್ ಬಟನ್ ಒತ್ತಿ ಉಳಿದ ಗಾಳಿ ಬಿಟ್ಟು, ರೆಗ್ಯುಲೇಟರ್ ಕಳಚಿದಿರಿ. ಈ ನಿಮಿಷದಲ್ಲೇ ಹೆಚ್ಚಿನ ರೆಗ್ಯುಲೇಟರ್‌ಗಳ ಹಣೆಬರಹ ಬರೆದಾಗುತ್ತದೆ. ಡಸ್ಟ್ ಕ್ಯಾಪ್ ಒದ್ದೆ ಇರುತ್ತದೆ. ಅದನ್ನು ಒಣಗಿಸಲು ಟ್ಯಾಂಕಿನ ಗಾಳಿಯನ್ನು ಬುಸ್ಸೆಂದು ಬಿಡುವ ಅಭ್ಯಾಸ ಎಲ್ಲ ಕಡೆ ಇದೆ. ಸುತ್ತಲಿದ್ದವರ ಕಿವಿಗೆ ಹಿಂಸೆ, ಜೊತೆಗೆ ಹಾರುವ ಹನಿಗಳು ಪಕ್ಕದಲ್ಲೇ ತೆರೆದಿರುವ ಫಿಲ್ಟರ್ ಮೇಲೂ ಬೀಳಬಹುದು. ಒಣ ಬಟ್ಟೆಯಲ್ಲಿ ಒರೆಸಿ, ಸಾಕು. ಕ್ಯಾಪ್ ಕೂರಿಸಿ, ಬಿಗಿ ಮಾಡಿ, ಇನ್ನೊಮ್ಮೆ ಬಿಗಿ ಇದೆಯಾ ಎಂದು ಕೈಯಿಂದ ಮುಟ್ಟಿ ನೋಡಿ.

ತೊಳೆಯುವುದಕ್ಕೆ ಸಿಹಿನೀರು ಬೇಕು, ಸಮಯ ಬೇಕು. ಉಪ್ಪುನೀರು ಇನ್ನೂ ಒಣಗದಿರುವಾಗಲೇ ತೊಳೆಯಬೇಕು, ಒಣಗಿ ಹರಳಾದ ಮೇಲೆ ಅದು ಸುಲಭವಾಗಿ ಬಿಡುವುದಿಲ್ಲ. ತೊಟ್ಟಿಯಲ್ಲಿ ಎರಡು ಸಲ ಅದ್ದಿ ತೆಗೆದರೆ ಹೊರಗಿನ ಉಪ್ಪು ಮಾತ್ರ ಹೋಗುತ್ತದೆ. ಅರ್ಧ ಗಂಟೆಯಾದರೂ ಉಗುರು ಬೆಚ್ಚಗಿನ ನೀರಲ್ಲಿ ನೆನೆಯಲಿ. ಸಾಧ್ಯವಾದರೆ ಟ್ಯಾಂಕಿಗೆ ಜೋಡಿಸಿ, ಗಾಳಿ ತುಂಬಿಸಿಕೊಂಡೇ ತೊಳೆಯಿರಿ, ಆಗ ಒಳಗೆ ನೀರು ಹೋಗುವ ಪ್ರಶ್ನೆಯೇ ಇಲ್ಲ. ಟ್ಯಾಂಕ್ ಇಲ್ಲದೆ ನೆನೆಸುವಾಗ ಒಂದೇ ಒಂದು ನಿಯಮ: ಪರ್ಜ್ ಬಟನ್ ಒತ್ತಬೇಡಿ. ಒತ್ತಿದರೆ ಸೆಕೆಂಡ್ ಸ್ಟೇಜಿನ ವಾಲ್ವ್ ತೆರೆದುಕೊಂಡು ನೀರು ಹೋಸ್ ಹಿಡಿದು ಫಸ್ಟ್ ಸ್ಟೇಜ್ ವರೆಗೂ ಹೋಗುತ್ತದೆ. ಯಾರೂ ಒತ್ತದಿದ್ದರೂ, ಹತ್ತು ಸೆಟ್ ತುಂಬಿದ ತೊಟ್ಟಿಯಲ್ಲಿ ಬೇರೆಯವರ ಸಾಮಾನಿನ ಭಾರಕ್ಕೇ ಬಟನ್ ಒತ್ತಿ ಹೋಗಬಹುದು. ಅದಕ್ಕೇ ನಾನು ಸಾಮೂಹಿಕ ತೊಟ್ಟಿಯಿಂದ ದೂರ, ಬೇರೆ ಬಕೆಟ್ ಇಟ್ಟುಕೊಳ್ಳುತ್ತೇನೆ.

ನೆನೆದ ಮೇಲೆ ಮೌತ್‌ಪೀಸ್ ಮೂಲಕ ನೀರು ಹರಿಸಿ, ಅದು ಕೆಳಗಿನ ವಾಲ್ವಿನಿಂದ ಹೊರಗೆ ಬರಲಿ. ಫಸ್ಟ್ ಸ್ಟೇಜಿನ ತೂತುಗಳಿಗೆ ನೀರು ಬಿಡಿ, ರಭಸವಾಗಿ ಬೇಡ. ಗುಂಡಿ, ಲಿವರ್ ಎಲ್ಲ ಒಂದೆರಡು ಸಲ ತಿರುಗಿಸಿ. ಹೋಸಿನ ತುದಿಯಲ್ಲಿ ಪ್ಲಾಸ್ಟಿಕ್ ಕವಚ ಇದ್ದರೆ ಅದನ್ನು ಹಿಂದಕ್ಕೆ ಸರಿಸಿ. ಉಪ್ಪು ಕೂರುವುದೂ ಅಲ್ಲೇ, ರಬ್ಬರ್ ಬಿರುಕು ಬಿಡುವುದೂ ಅಲ್ಲೇ, ಕವಚ ಎರಡನ್ನೂ ಮುಚ್ಚಿಡುತ್ತದೆ. ನೆರಳಲ್ಲಿ ಒಣಗಿಸಿ. ಹೋಸ್‌ಗಳನ್ನು ಬಿಗಿಯಾಗಿ ಸುತ್ತದೆ ದೊಡ್ಡ ಸುತ್ತಾಗಿ ಚೀಲದಲ್ಲಿಡಿ. ಚೀಲದ ಬಾಯಿ ಮುಚ್ಚಿರಲಿ, ಮೌತ್‌ಪೀಸ್ ಒಳಗೆ ಹುಳ ಸೇರಿಕೊಳ್ಳುವುದು ಬೇಡ. ಸಿಲಿಕೋನ್ ಸ್ಪ್ರೇ ಹೊಡೆದು ಹೊಳೆಯಿಸುವುದು ಬೇಡ, ಒಳಗಿನ ಸಿಲಿಕೋನ್ ರಬ್ಬರ್ ಭಾಗಗಳಿಗೆ ಅದು ಒಳ್ಳೆಯದಲ್ಲ.

ಸರ್ವೀಸ್ ಎಷ್ಟು ದಿನಕ್ಕೊಮ್ಮೆ? ತಯಾರಕರು ಹೇಳಿದಷ್ಟಕ್ಕೊಮ್ಮೆ. ವರ್ಷಕ್ಕೊಮ್ಮೆ ಅಥವಾ 100 ಡೈವ್‌ಗೊಮ್ಮೆ, ಯಾವುದು ಮೊದಲೋ ಅದು, ಎಂದು ಕೆಲವರು ಹೇಳುತ್ತಾರೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಸರ್ವೀಸ್, ನಡುವೆ ಒಮ್ಮೆ ತಪಾಸಣೆ ಎಂದು ಇನ್ನು ಕೆಲವರು. ಕೈಪಿಡಿ ಓದಿ. ಆದರೆ ಕ್ಯಾಲೆಂಡರ್ ಒಂದನ್ನೇ ನಂಬಬೇಡಿ. ನನ್ನ ಹತ್ತಿರ ಒಂದು ಸಣ್ಣ ಗೇಜ್ ಇದೆ, ಇದೋ ನೋಡಿ. ತೇಲಲು ಹಾಕಿಕೊಳ್ಳುವ ಜಾಕೆಟ್‌ಗೆ ಗಾಳಿ ತುಂಬುವ ಹೋಸಿನ ತುದಿಗೆ ಇದನ್ನು ಚುಚ್ಚಿದರೆ ಮಧ್ಯದ ಒತ್ತಡ ತೋರಿಸುತ್ತದೆ. ವಾಲ್ವ್ ತೆರೆದ ತಕ್ಷಣ ಮುಳ್ಳು ಮೇಲೆ ಹೋಗಿ ಒಂದು ಕಡೆ ಗಕ್ಕನೆ ನಿಲ್ಲಬೇಕು. ಉಸಿರೆಳೆದರೆ ಸ್ವಲ್ಪ ಇಳಿದು, ಬಿಟ್ಟೊಡನೆ ಅದೇ ಜಾಗಕ್ಕೆ ಬರಬೇಕು. ನಿಲ್ಲದೆ 9.5, 10, 10.5 ಎಂದು ತೆವಳುತ್ತಾ ಏರುತ್ತಿದ್ದರೆ ಫಸ್ಟ್ ಸ್ಟೇಜಿನ ಸೀಟ್ ಸವೆದಿದೆ, ಗಾಳಿ ಅದರ ಅಂಚಿನಲ್ಲಿ ನುಸುಳುತ್ತಿದೆ. ನೀರೊಳಗೆ ಫ್ರೀ ಫ್ಲೋ ಆಗುವುದಕ್ಕೆ ಎಷ್ಟೋ ಮುಂಚೆ ಈ ಮುಳ್ಳು ಅದನ್ನು ಹೇಳಿರುತ್ತದೆ. ಇದು ಇಲ್ಲದವರಿಗೂ ಒಂದು ಸುಳಿವು ಉಂಟು: ಗಾಳಿ ತೆರೆದಿಟ್ಟ ಸೆಟ್ ಸುಮ್ಮನೆ ಇದ್ದಾಗ ಸೆಕೆಂಡ್ ಸ್ಟೇಜ್ ಸ್ವಲ್ಪ ಹೊತ್ತಿಗೊಮ್ಮೆ ಸಣ್ಣಗೆ ಬುಸ್ ಎಂದು, ನಿಂತು, ಮತ್ತೆ ಬುಸ್ ಎನ್ನುತ್ತಿದ್ದರೆ ಅದೂ ಹೆಚ್ಚಾಗಿ ಇದೇ ಕಾಯಿಲೆ.

ಸರ್ವೀಸಿಗೆ ಕೊಟ್ಟಾಗ ಬದಲಿಸಿದ ಹಳೆಯ ಭಾಗಗಳನ್ನು ವಾಪಸ್ ಕೇಳಿ. ಅನುಮಾನದಿಂದ ಅಲ್ಲ, ಅವುಗಳನ್ನು ನೋಡಿದರೆ ನಿಮ್ಮ ತೊಳೆಯುವ ಕ್ರಮ ಸರಿ ಇದೆಯಾ ಇಲ್ಲವಾ ಗೊತ್ತಾಗುತ್ತದೆ. ಮಧ್ಯದ ಒತ್ತಡ ಎಷ್ಟಕ್ಕೆ ಇಟ್ಟಿದ್ದಾರೆ ಎಂದು ಬರೆಸಿಕೊಳ್ಳಿ. ಹೊಸ ಸೀಟ್ ತನ್ನ ಜಾಗಕ್ಕೆ ಒಗ್ಗಿಕೊಳ್ಳುವಾಗ ಆ ಸಂಖ್ಯೆ ಸ್ವಲ್ಪ ಬದಲಾಗಬಹುದು. ಆದ್ದರಿಂದ ಸರ್ವೀಸ್ ಆದ ಮೇಲಿನ ಮೊದಲ ಡೈವ್ ಆಳಕ್ಕೆ ಬೇಡ, ದೂರದ ಪ್ರವಾಸದ ಹಿಂದಿನ ದಿನ ಸರ್ವೀಸ್ ಮಾಡಿಸುವುದಂತೂ ಬೇಡವೇ ಬೇಡ. ಈಗಷ್ಟೇ ಬಿಚ್ಚಿ ಜೋಡಿಸಿದ ಯಂತ್ರವನ್ನು ಮೊದಲು ಆಳ ಕಡಿಮೆ ಇರುವ ಕಡೆ ಬಳಸಿ ನೋಡಬೇಕು.

ಪ್ರಶ್ನೆಗಳಿಗೆ ಬರೋಣ. ಒಬ್ಬರು ಕೇಳಿದರು, "ಎರಡು ವರ್ಷದಿಂದ ಬಳಸಿಯೇ ಇಲ್ಲ, ಹೊಸದರಂತಿದೆ, ಸರ್ವೀಸ್ ಯಾಕೆ?" ಅಂತ. ಬಳಸದೆ ಇಟ್ಟದ್ದೂ ಹಳತಾಗುತ್ತದೆ. ರಬ್ಬರ್ ಒಣಗಿ ಬಿರುಸಾಗುತ್ತದೆ, ಸೆಕೆಂಡ್ ಸ್ಟೇಜಿನ ಸೀಟ್ ಅಷ್ಟೂ ದಿನ ಒಂದೇ ಅಂಚಿಗೆ ಒತ್ತಿಕೊಂಡಿದ್ದು ಗೆರೆ ಬಿದ್ದಿರುತ್ತದೆ. ಮಾಡಿಸಿ.

ಇನ್ನೊಬ್ಬರು ನೈಟ್ರಾಕ್ಸ್, ಅಂದರೆ ಆಮ್ಲಜನಕ ಹೆಚ್ಚಿಸಿದ ಗಾಳಿಯ ಬಗ್ಗೆ ಕೇಳಿದರು. 40 ಪರ್ಸೆಂಟ್ ಆಮ್ಲಜನಕದ ವರೆಗೆ ಹೆಚ್ಚಿನ ತಯಾರಕರು ಒಪ್ಪುತ್ತಾರೆ, ಆದರೂ ನಿಮ್ಮ ಮಾದರಿಯ ಕೈಪಿಡಿ ಏನು ಹೇಳುತ್ತದೆ ನೋಡಲೇಬೇಕು. ಅದಕ್ಕಿಂತ ಜಾಸ್ತಿ ಆದರೆ ಒಳಗಿನ ಪ್ರತಿ ಭಾಗವನ್ನೂ ಎಣ್ಣೆಯ ಪಸೆ ಇಲ್ಲದಂತೆ ಶುಚಿ ಮಾಡಿ, ಆಮ್ಲಜನಕಕ್ಕೆ ಹೊಂದುವ ಗ್ರೀಸ್ ಮತ್ತು ಓ-ರಿಂಗ್ ಹಾಕಿರಬೇಕು. ಒತ್ತಡದ ಆಮ್ಲಜನಕ ಮತ್ತು ಎಣ್ಣೆ ಸೇರಿದರೆ ಬೆಂಕಿ. ಟೈಟಾನಿಯಮ್ ರೆಗ್ಯುಲೇಟರ್ ಇರುವವರು ಇನ್ನೂ ಎಚ್ಚರ ವಹಿಸಿ, ಆ ಲೋಹ ಆಮ್ಲಜನಕದಲ್ಲಿ ಬೇಗ ಹೊತ್ತಿಕೊಳ್ಳುತ್ತದೆ.

ಕೊನೆಯದಾಗಿ, ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬರು ಒಂದು ರೆಗ್ಯುಲೇಟರನ್ನು ಜೊತೆಗೇ ತಂದಿದ್ದರು. "ಗೇಜ್ ಹೋಸ್ ಸೇರುವ ಕಡೆ ಒಂದೊಂದೇ ಗುಳ್ಳೆ ಬರುತ್ತದೆ, ಹೀಗೇ ಬಳಸಬಹುದಾ?" ಎಂದು ಕೇಳಿದರು. ಗೇಜ್ ತಿರುಗುವ ಆ ಕೀಲಿನೊಳಗೆ ಎರಡು ಪುಟ್ಟ ಓ-ರಿಂಗ್ ಇರುವ ಒಂದು ಕಡ್ಡಿ ಇರುತ್ತದೆ, ಅವು ಸವೆದರೆ ಗುಳ್ಳೆ ಬರುತ್ತದೆ. ಗೇಜಿನ ಹೋಸ್ ಫಸ್ಟ್ ಸ್ಟೇಜಿಗೆ ಸೇರುವ ಕಡೆ ತೂತು ಸೂಜಿಮೊನೆಯಷ್ಟೇ ಇರುವುದರಿಂದ ಆ ಹೋಸ್ ಪೂರ್ತಿ ಒಡೆದರೂ ಟ್ಯಾಂಕ್ ಒಮ್ಮೆಲೇ ಖಾಲಿಯಾಗುವುದಿಲ್ಲ. ಹೀಗಾಗಿ ಗಾಬರಿ ಬೇಡ. ಆದರೆ ಗುಳ್ಳೆ ಕಂಡಾಗಿದೆ, ಇನ್ನು ಅದನ್ನು ಕಾಣದವರಂತೆ ಇಳಿಯುವುದು ಬೇಡ. ಭಾಷಣ ಮುಗಿದ ಮೇಲೆ ನಾವಿಬ್ಬರೂ ಅಲ್ಲೇ ಮೇಜಿನ ಮೇಲೆ ಗೇಜ್ ಕಳಚಿ ಆ ಕಡ್ಡಿ ಹೊರಗೆ ತೆಗೆದೆವು. ಒಂದು ಓ-ರಿಂಗ್ ಚಪ್ಪಟೆಯಾಗಿತ್ತು, ಇನ್ನೊಂದರ ಅಂಚು ಹರಿದಿತ್ತು. ನನ್ನ ಪೆಟ್ಟಿಗೆಯಲ್ಲಿ ಅದೇ ಅಳತೆಯ ಹೊಸ ಕಡ್ಡಿ ಇತ್ತು. ಹಾಕಿ, ಟ್ಯಾಂಕಿಗೆ ಜೋಡಿಸಿ, ಬಕೆಟ್ ನೀರಲ್ಲಿ ಮುಳುಗಿಸಿ ಐದು ನಿಮಿಷ ಕಾದು ನೋಡಿದೆವು. ಒಂದು ಗುಳ್ಳೆಯೂ ಬರಲಿಲ್ಲ.